2014ರ ಟೂರ್ ಡಿ ಫ್ರಾನ್ಸ್ ನಿಬಾಲಿಗೆ ಬಿಟ್ಟಿ ಸಿಕ್ಕಿತೇ?

ಘಾಟಿಸವಾರ
ನಮ್ಮ ಸೈಕಲ್ ಬಳಗದಲ್ಲಿ ಈ ವಾದ ಮುಗಿಯುವ ಲಕ್ಷಣ ಕಾಣುತ್ತಿಲ್ಲ, ಆದ್ದರಿಂದ ಇಲ್ಲಿಗೆ ತಂದು ಹಾಕುತ್ತಿದ್ದೇನೆ. ಇಟಲಿಯ ಸೈಕಲ್ ಓಟಗಾರ ವಿಂಚೆಂಜೊ ನಿಬಾಲಿ 2014ರ ಟೂರ್ (ಫ್ರಾನ್ಸಿನ ಮೂರು ವಾರದ ಸೈಕಲ್ ಓಟ) ಗೆದ್ದದ್ದು ಬರೀ ಅದೃಷ್ಟ ಎಂದು ಅರ್ಧ ಜನ ಹೇಳುತ್ತಾರೆ. ಹಿಂದಿನ ವರ್ಷ ಗೆದ್ದಿದ್ದ ಫ್ರೂಮ್ ಐದನೇ ಹಂತದಲ್ಲಿ (ಹಂತ ಎಂದರೆ ಒಂದು ದಿನದ ಓಟ) ಬಿದ್ದು ಹೊರನಡೆದ. ಕಾಂಟಡೋರ್ ಹತ್ತನೇ ಹಂತದಲ್ಲಿ ಕಾಲಿನ ಮೂಳೆ ಮುರಿದುಕೊಂಡ. ಆ ವರ್ಷದ ಜಿರೊ (ಇಟಲಿಯ ಮೂರು ವಾರದ ಓಟ) ಗೆದ್ದಿದ್ದ ಕ್ವಿಂಟಾನ ಟೂರ್ ಕಡೆ ತಲೆಯೇ ಹಾಕಲಿಲ್ಲ. ಎರಡನೆಯ ಸ್ಥಾನ ಬಂದದ್ದು 37 ವರ್ಷದ ಪೆರೊಗೆ. ಎದುರಾಳಿಗಳೇ ಇಲ್ಲದ ಅಖಾಡದಲ್ಲಿ ಗೆದ್ದವನನ್ನು ದೊಡ್ಡವರ ಸಾಲಿನಲ್ಲಿ ಕೂರಿಸಬಹುದೇ? ನನಗೆ ನಿಬಾಲಿ ಇಷ್ಟ. ಆದರೆ ಇಷ್ಟ ಎನ್ನುವುದು ಉತ್ತರವಲ್ಲವಲ್ಲ.

ಅಂಕಿಸಂಖ್ಯೆ
ಕಾಂಟಡೋರ್ ಬೀಳುವ ಮೊದಲೇ ನಿಬಾಲಿಗಿಂತ ಎರಡೂವರೆ ನಿಮಿಷ ಹಿಂದಿದ್ದ. ಇದನ್ನು ಎಲ್ಲರೂ ಜಾಣತನದಿಂದ ಮರೆಯುತ್ತಾರೆ.

ಆ ಐದನೇ ಹಂತ ಬೆಲ್ಜಿಯಂನ ಈಪರ್‌ನಿಂದ ಫ್ರಾನ್ಸಿನ ಅರೆನ್‌ಬರ್ಗ್ ಕಡೆಗೆ. ಸುರಿಯುವ ಮಳೆ, ಕಲ್ಲುಹಾಸಿನ ದಾರಿ. ಒಂಬತ್ತು ಕಲ್ಲುಹಾಸಿನ ತುಂಡುಗಳಲ್ಲಿ ಎರಡನ್ನು ಅಪಾಯವೆಂದು ಕೈಬಿಟ್ಟು ಏಳನ್ನು ಉಳಿಸಿಕೊಂಡರು. ಫ್ರೂಮ್ ಬಿದ್ದದ್ದು ಕಲ್ಲುಹಾಸು ಶುರುವಾಗುವ ಮೊದಲು, ಮಾಮೂಲಿ ಡಾಂಬರಿನ ಮೇಲೆ. ನಿಬಾಲಿ ಅದೇ ಮಳೆಯಲ್ಲಿ, ಅದೇ ಕಲ್ಲಿನ ಮೇಲೆ, ಕಲ್ಲುಹಾಸಿನ ಪಂಟರುಗಳ ಜೊತೆ ಓಡಿ ಮೂರನೆಯವನಾದ. ಗೆದ್ದ ಲಾರ್ಸ್ ಬೂಮ್‌ಗೂ ಇವನಿಗೂ 19 ಸೆಕೆಂಡುಗಳ ಅಂತರ. ಬೆಟ್ಟ ಹತ್ತುವವನೊಬ್ಬ ಅಲ್ಲಿ ಹಾಗೆ ಓಡಿಸುವುದಿಲ್ಲ. ಬೀಳದೇ ಇರುವುದೂ ಈ ಆಟದ ವಿದ್ಯೆಯೇ.

ಕಡ್ಡಿಮುರಿದಂತೆ
ಬೀಳದೇ ಇರುವುದು ವಿದ್ಯೆ ಎಂದಾದರೆ ರಿಯೋ ಒಲಿಂಪಿಕ್ಸ್‌ನಲ್ಲಿ ಬಿದ್ದದ್ದು ಏನು?

ಅಂಕಿಸಂಖ್ಯೆ
ರಿಯೋಗೆ ಬರೋಣ, ಅವಸರ ಬೇಡ.

ಕಡ್ಡಿಮುರಿದಂತೆ
ಸರಿ, ಟೂರ್ ಬಗ್ಗೆಯೇ ಮಾತನಾಡೋಣ. 2012ರ ಟೂರ್: ವಿಗಿನ್ಸ್, ಫ್ರೂಮ್, ಆಮೇಲೆ ನಿಬಾಲಿ. 2015ರ ಟೂರ್: ಫ್ರೂಮ್ ಮೊದಲು, ನಿಬಾಲಿ ನಾಲ್ಕನೆಯವನು. 2017ರ ವುಯೆಲ್ಟಾ (ಸ್ಪೇನಿನ ಮೂರು ವಾರದ ಓಟ): ಫ್ರೂಮ್ ಮೊದಲು, ನಿಬಾಲಿ ಎರಡನೆಯವನು. ಮೂರು ವಾರದ ಈ ಮೂರೂ ಓಟಗಳಲ್ಲಿ ಫ್ರೂಮ್ ಮುಂದೆ. ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕೇ? 2013ರ ವುಯೆಲ್ಟಾವನ್ನು 41 ವರ್ಷದ ಹಾರ್ನರ್‌ಗೆ ಬಿಟ್ಟುಕೊಟ್ಟದ್ದನ್ನು ನಾನಿನ್ನೂ ಎತ್ತಿಯೇ ಇಲ್ಲ.

ತೀರ್ಥಹಳ್ಳಿ ತಿರುವು
ಎತ್ತಿಯೇ ಇಲ್ಲ ಎನ್ನುತ್ತಲೇ ಎತ್ತಿದಿರಲ್ಲ ಮಾರಾಯರೇ.

ಅಂಕಿಸಂಖ್ಯೆ
ಕಡ್ಡಿಯವರೇ, 2013ರ ತಿರ್ರೆನೊ-ಅದ್ರಿಯಾತಿಕೊ ಓಟವನ್ನು ಎಲ್ಲಿ ಬಚ್ಚಿಟ್ಟಿರಿ? ನಿಬಾಲಿ ಮೊದಲು, ಫ್ರೂಮ್ 23 ಸೆಕೆಂಡು ಹಿಂದೆ ಎರಡನೆಯವನು, ಕಾಂಟಡೋರ್ ಮೂರನೆಯವನು. ಮೂವರೂ ಗಟ್ಟಿಮುಟ್ಟಾಗಿದ್ದರು, ಯಾರೂ ಆಸ್ಪತ್ರೆ ಸೇರಿರಲಿಲ್ಲ. ಮಳೆ ಬಂದು ಏರು ಜಾರತೊಡಗಿದ ದಿನ ಫ್ರೂಮ್ ತಂಡ ಚದುರಿಹೋಯಿತು, ನಿಬಾಲಿ ನುಗ್ಗಿದ. ಸ್ಪರ್ಧೆಯನ್ನು ಅಂದಾಜು ಮಾಡಲಾಗದಷ್ಟು ಕೆಡಿಸಿದರೆ ಫ್ರೂಮ್ ತಬ್ಬಿಬ್ಬಾಗುತ್ತಿದ್ದ.

ಕಡ್ಡಿಮುರಿದಂತೆ
ಅದು ಒಂದು ವಾರದ ಓಟ. ಟೂರ್ ತೂಕವೇ ಬೇರೆ.

ಪೆಡಲಮ್ಮ
ಇಬ್ಬರೂ ಸ್ವಲ್ಪ ತಣ್ಣಗಾಗಿ. ನಾನು ಆ ಟೂರ್ ಪೂರ್ತಿ ನೋಡಿದ್ದೇನೆ. ನಮ್ಮಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಹಂತ ಮುಗಿಯುತ್ತಿತ್ತು, ಮನೆಯಲ್ಲಿ ಊಟ ಮುಂದಕ್ಕೆ ಹೋಗುತ್ತಿತ್ತು, ಬೈಗುಳ ನನಗೆ. ನನಗೆ ನೆನಪಿರುವುದು ಫ್ರೂಮ್ ಬಿದ್ದದ್ದಲ್ಲ. ಎರಡನೇ ಹಂತ, ಇಂಗ್ಲೆಂಡಿನ ಶೆಫೀಲ್ಡ್. ಎಲ್ಲ ದೊಡ್ಡವರೂ ಗುಂಪಿನಲ್ಲಿದ್ದರು, ಯಾರಿಗೂ ಒಂದು ಗಾಯವಿರಲಿಲ್ಲ. ಕೊನೆಯ ಎರಡು ಕಿಲೋಮೀಟರಿನಲ್ಲಿ ಈತ ಸುಮ್ಮನೆ ಎದ್ದು ಹೊರಟ. ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದವರೆಲ್ಲ ಕೂತರು. ಎರಡು ಸೆಕೆಂಡು ಅಂತರದಲ್ಲಿ ಗೆದ್ದು ಒಟ್ಟಾರೆ ಮುಂದಿರುವವನ ಹಳದಿ ಜರ್ಸಿ ಹಾಕಿಕೊಂಡ. ಅಲ್ಲಿ ಯಾವ ಅದೃಷ್ಟ?

ಆಮೇಲೆ ಪ್ಲಾಂಶ್ ದೆ ಬೆಲ್ ಫೀ, ಶಾಮ್ರೂಸ್, ಔಟಕಾಮ್. ಒಟ್ಟು ನಾಲ್ಕು ಹಂತ. ಔಟಕಾಮ್ ಬೆಟ್ಟದಲ್ಲಿ ಎರಡನೆಯವನಾದ ಪಿನೊಗಿಂತ 1 ನಿಮಿಷ 10 ಸೆಕೆಂಡು ಮೊದಲು ಮುಟ್ಟಿದ. ಪ್ಯಾರಿಸ್‌ನಲ್ಲಿ ಪೆರೊ ಮೇಲೆ 7 ನಿಮಿಷ 37 ಸೆಕೆಂಡುಗಳ ಮುನ್ನಡೆ. ಬಿಟ್ಟಿ ಸಿಕ್ಕಿದ್ದನ್ನು ಇಷ್ಟು ಬೆವರು ಸುರಿಸಿ ಯಾರೂ ತೆಗೆದುಕೊಳ್ಳುವುದಿಲ್ಲ.

ಘಾಟಿಸವಾರ
ಶೆಫೀಲ್ಡ್ ವಿಷಯವನ್ನು ನಮ್ಮ ಬಳಗದಲ್ಲಿ ಯಾರೂ ಹೇಳಲೇ ಇಲ್ಲ.

ನೇತ್ರಾವತಿ ತಟ
ಎಲ್ಲ ಸರಿ, ನಿಬಾಲಿಯ ತಂಡ ಯಾವುದು ಎಂದು ಯಾರೂ ಬಾಯಿ ಬಿಡುತ್ತಿಲ್ಲ. ಅಸ್ತಾನಾ. ತಂಡದ ಯಜಮಾನಿಕೆ ವಿನೊಕುರೊವ್ ಕೈಯಲ್ಲಿ. ಅವರೇ 2007ರ ಟೂರ್‌ನಲ್ಲಿ ಬೇರೊಬ್ಬರ ರಕ್ತ ಏರಿಸಿಕೊಂಡದ್ದಕ್ಕೆ ಸಿಕ್ಕಿಬಿದ್ದವರು. 2014ರ ಟೂರ್ ಮುಗಿದ ಬೆನ್ನಿಗೆ ಅದೇ ತಂಡದ ಇಗ್ಲಿನ್‌ಸ್ಕಿ ಸಹೋದರರಿಬ್ಬರೂ ಇಪಿಒ (ರಕ್ತದ ಬಲ ಹೆಚ್ಚಿಸುವ ನಿಷೇಧಿತ ಮದ್ದು) ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅಣ್ಣ ಮಾಕ್ಸಿಮ್ ಟೂರ್‌ನಲ್ಲಿ ನಿಬಾಲಿಯ ಜೊತೆಗೇ ಓಡಿದ್ದವನು. ಮರುವರ್ಷ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ ತಂಡದ ಪರವಾನಗಿ ಕಿತ್ತುಕೊಳ್ಳಬೇಕೆಂದು ಕೇಳಿತು. ಬೆಂಕಿಯಿಲ್ಲದೆ ಹೊಗೆ ಬರುತ್ತದೆಯೇ?

ಅಂಕಿಸಂಖ್ಯೆ
ಅರ್ಧ ಹೇಳಿ ನಿಲ್ಲಿಸಿದಿರಿ. ಪರವಾನಗಿ ಆಯೋಗ ಷರತ್ತು ಹಾಕಿ ಪರವಾನಗಿಯನ್ನು ಉಳಿಸಿತು. ನಿಬಾಲಿ ವೃತ್ತಿಪರನಾದದ್ದು 2005ರಲ್ಲಿ, ಸೈಕಲ್ ಇಳಿದದ್ದು 2022ರಲ್ಲಿ. ಅಷ್ಟು ವರ್ಷಗಳಲ್ಲಿ ಒಂದು ಪರೀಕ್ಷೆಯಲ್ಲೂ ಸಿಕ್ಕಿಲ್ಲ.

ನೇತ್ರಾವತಿ ತಟ
ಸಿಕ್ಕಿಬೀಳದವರೆಲ್ಲ ಶುದ್ಧರು ಎಂದು ಈ ಆಟವನ್ನು ಬಲ್ಲ ಯಾರಾದರೂ ಹೇಳುತ್ತಾರೆಯೇ? ಆಮೇಲೆ ತಪ್ಪೊಪ್ಪಿಕೊಂಡ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕೂಡ ಅದನ್ನೇ ಹೇಳುತ್ತಿದ್ದ. ನಾನು ನಿಬಾಲಿಯನ್ನು ಕಳ್ಳ ಎನ್ನುತ್ತಿಲ್ಲ. ಆ ತಂಡ ಸೇರಿದ್ದು ಅವರದೇ ಆಯ್ಕೆ, ಅದರ ನೆರಳನ್ನೂ ಅವರೇ ಹೊರಬೇಕು ಎನ್ನುತ್ತಿದ್ದೇನೆ, ಅಷ್ಟೇ.

ಪೆಡಲಮ್ಮ
ಈ ಮಾತನ್ನು ಒಪ್ಪಬಹುದು. ಆದರೆ ನೆರಳಿಗೆ ಶಿಕ್ಷೆ ಕೊಡಲು ಹೊರಟರೆ ಆ ಕಾಲದ ಅರ್ಧ ಗುಂಪನ್ನು ಖಾಲಿ ಮಾಡಬೇಕಾಗುತ್ತದೆ.

ಗುಮ್ಮಟನಗರಿ
ನಾನು ವಿಜಯಪುರದವನು. ನನಗೆ ನಿಬಾಲಿಯ ಕತೆಯಲ್ಲಿ ಹಿಡಿಸುವುದು ಟೂರ್ ಅಲ್ಲ, ಅದಕ್ಕೂ ಹಿಂದಿನದು. ಹುಟ್ಟಿದ್ದು 1984ರಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ. ಇಟಲಿಯಲ್ಲಿ ಸೈಕಲ್ ಎಂದರೆ ಉತ್ತರದವರದು: ಲೊಂಬಾರ್ಡಿ, ವೆನೆತೊ, ಟಸ್ಕನಿ. ಕೊಪ್ಪಿ ಪಿಯೆಮೊಂತೆಯವರು, ಬಾರ್ತಾಲಿ ಫ್ಲಾರೆನ್ಸ್ ಪಕ್ಕದವರು, ಪಂತಾನಿ ರೊಮಾನ್ಯದವರು. ದಕ್ಷಿಣದ ತುದಿಯ ಹುಡುಗನಿಗೆ ಊರಿನಲ್ಲಿ ಒಳ್ಳೆಯ ಓಟಗಳೇ ಇಲ್ಲ. ಹದಿಹರೆಯದಲ್ಲೇ ಮನೆ ಬಿಟ್ಟು ಟಸ್ಕನಿಗೆ ಹೋದ, ಅಲ್ಲಿ ಬೇರೆಯವರ ಮನೆಯ ಊಟ ಉಂಡು ಬೆಳೆದ.

ನಮ್ಮ ಕಡೆ ಹಳ್ಳಿಯ ಹುಡುಗರು ಕ್ರೀಡಾ ವಸತಿ ನಿಲಯ ಸೇರಿ ಸೈಕಲ್ ಹಿಡಿಯುವುದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ನಾನೂ ಅಲ್ಲಿದ್ದವನೇ. ಬೆಳಿಗ್ಗೆ ಐದಕ್ಕೆ ಹೆದ್ದಾರಿ, ಹಿಂದಿನಿಂದ ಕಬ್ಬಿನ ಲಾರಿ, ಮನೆಯ ನೆನಪು. ನಮ್ಮ ಪೈಕಿ ಹೆಚ್ಚಿನವರ ಗುರಿ ಪದಕಕ್ಕಿಂತ ರೈಲ್ವೆ ನೌಕರಿ. ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಆದರೆ ಹದಿನಾರರ ಹುಡುಗ ಊರು ಬಿಟ್ಟು ಹೋಗಿ ಮೂರು ದೊಡ್ಡ ಪ್ರವಾಸಗಳನ್ನೂ ಗೆಲ್ಲುತ್ತಾನೆ ಎಂದರೆ ಅದನ್ನು ಅದೃಷ್ಟ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹೊಸಬ
ಮೂರು ದೊಡ್ಡ ಪ್ರವಾಸ ಎಂದರೆ ಯಾವುವು? ಕ್ಷಮಿಸಿ, ಈ ಆಟಕ್ಕೆ ನಾನು ಹೊಸಬ.

ಗುಮ್ಮಟನಗರಿ
ಇಟಲಿಯ ಜಿರೊ, ಫ್ರಾನ್ಸಿನ ಟೂರ್, ಸ್ಪೇನಿನ ವುಯೆಲ್ಟಾ. ಒಂದೊಂದೂ ಮೂರು ವಾರ, 21 ಹಂತ. ನಿಬಾಲಿ ವುಯೆಲ್ಟಾ ಗೆದ್ದದ್ದು 2010ರಲ್ಲಿ, ಜಿರೊ 2013 ಮತ್ತು 2016ರಲ್ಲಿ, ಟೂರ್ 2014ರಲ್ಲಿ. ಅವನು ನಿವೃತ್ತನಾದ ಹೊತ್ತಿಗೆ ಮೂರನ್ನೂ ಗೆದ್ದ ಗಂಡಸರು ಏಳೇ ಜನ: ಆಂಕೆತಿಲ್, ಜಿಮೊಂದಿ, ಮರ್ಕ್ಸ್, ಇನೊ, ಕಾಂಟಡೋರ್, ಫ್ರೂಮ್, ನಿಬಾಲಿ. ಆಮ್‌ಸ್ಟರ್‌ಡ್ಯಾಮ್‌ನಿಂದ ಆಸ್ಟ್ರೇಲಿಯಾದವರೆಗೆ ಎಷ್ಟು ಘಟಾನುಘಟಿಗಳು ಈ ಪಟ್ಟಿಯಲ್ಲಿ ಇಲ್ಲ ಎಂದು ಯೋಚಿಸಿ.

ಕಡ್ಡಿಮುರಿದಂತೆ
ಪಟ್ಟಿ ಸರಿ. ಪಟ್ಟಿಯಲ್ಲಿ ಯಾರು ಹೇಗೆ ಸೇರಿದರು ಎನ್ನುವುದು ನನ್ನ ಪ್ರಶ್ನೆ. 2016ರ ಜಿರೊ ನೋಡಿ. ಮುನ್ನಡೆಯಲ್ಲಿದ್ದ ಕ್ರೂಯ್ಸ್‌ವೈಕ್ ಹಿಮದ ಗೋಡೆಗೆ ಗುದ್ದಿ ಪಲ್ಟಿ ಹೊಡೆಯದಿದ್ದರೆ ಜಿರೊದಲ್ಲಿ ಮುಂದಿರುವವನ ಗುಲಾಬಿ ಜರ್ಸಿ ಡಚ್ಚರ ಮನೆಗೆ ಹೋಗುತ್ತಿತ್ತು. ಮತ್ತೊಮ್ಮೆ ಯಾರೋ ಬಿದ್ದರು, ನಿಬಾಲಿ ಗೆದ್ದ!

ತೀರ್ಥಹಳ್ಳಿ ತಿರುವು
ಇಗೋ, ನನ್ನ ವಿಷಯ ಬಂತು. ಇಳಿಜಾರು.

ಕ್ರೂಯ್ಸ್‌ವೈಕ್ ಸುಮ್ಮನೆ ಬೀಳಲಿಲ್ಲ ಸ್ವಾಮಿ, ಅವನನ್ನು ಬೀಳುವಂತೆ ಮಾಡಲಾಯಿತು. ಕೊಲ್ಲೆ ದೆಲ್ ಆನ್ಯೆಲ್ಲೊ, 2,744 ಮೀಟರ್ ಎತ್ತರ, ರಸ್ತೆಯ ಎರಡೂ ಬದಿ ಹಿಮ. ಏರಿನಲ್ಲಿ ನಿಬಾಲಿ ಮತ್ತೆ ಮತ್ತೆ ಎಳೆದು ಅವನ ಉಸಿರು ಕೆಡಿಸಿದ್ದ. ತುದಿ ಮುಟ್ಟಿದ ಮೇಲೆ ಹಿಂಜರಿಯದೆ ಇಳಿಜಾರಿಗೆ ನುಗ್ಗಿದ. ದಣಿದ ಮನುಷ್ಯ ಇಳಿಜಾರಿನಲ್ಲಿ ವೇಗದವನನ್ನು ಹಿಂಬಾಲಿಸಲು ಹೋದಾಗ ಏನಾಗುತ್ತದೆ ಎಂಬುದು ಆಗುಂಬೆ ಘಾಟಿಯನ್ನು ಮಳೆಗಾಲದಲ್ಲಿ ಇಳಿದವರಿಗೆ ಗೊತ್ತು. ಬ್ರೇಕು ತಿರುವಿಗೆ ಮೊದಲೇ ಮುಗಿದಿರಬೇಕು. ತಿರುವಿನೊಳಗೆ ಹಿಡಿದರೆ ಚಕ್ರ ಜಾರುತ್ತದೆ. ಹೊರಬದಿಯ ಪೆಡಲು ಕೆಳಗೆ, ಭಾರವೆಲ್ಲ ಅದರ ಮೇಲೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಜಾಗದ ಮೇಲೆ. ದಣಿದವನು ಇದೆಲ್ಲವನ್ನೂ ಅರ್ಧ ಕ್ಷಣ ತಡವಾಗಿ ಮಾಡುತ್ತಾನೆ.

ನಿಬಾಲಿ ಇಳಿಜಾರನ್ನೇ ಆಯುಧ ಮಾಡಿಕೊಂಡವನು. ಇಟಲಿಯ ಒಂದು ದಿನದ ಓಟವಾದ ಲೊಂಬಾರ್ಡಿಯಾವನ್ನು 2015ರಲ್ಲಿ ಚಿವಿಲ್ಯೊ ಬೆಟ್ಟದ ಇಳಿಜಾರಿನಲ್ಲಿ ಗೆದ್ದ. 2017ರಲ್ಲಿ ಅದೇ ಬೆಟ್ಟದ ಇಳಿಜಾರಿನಲ್ಲಿ ಪಿನೊನನ್ನು ಕಳಚಿಕೊಂಡು ಮತ್ತೆ ಗೆದ್ದ. ಜನರು ಏರನ್ನು ಮಾತ್ರ ವೀರತನ ಎಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಇಳಿಯುವುದಕ್ಕೆ ಹೆಚ್ಚು ಎದೆಗಾರಿಕೆ ಬೇಕು.

ಕಡ್ಡಿಮುರಿದಂತೆ
ಹಾಗಿದ್ದರೆ ಈಗ ರಿಯೋಗೆ ಬರೋಣವೇ? ಇಳಿಜಾರಿನ ರಾಜ ಇಳಿಜಾರಿನಲ್ಲೇ ಬಿದ್ದ.

ಅಂಕಿಸಂಖ್ಯೆ
ಬನ್ನಿ. 2016ರ ಆಗಸ್ಟ್ 6. ಮುಂದೆ ಮೂವರು: ನಿಬಾಲಿ, ಮೈಕಾ, ಹೆನಾವೊ. ಗುರಿಗೆ ಹನ್ನೆರಡು ಕಿಲೋಮೀಟರ್ ಆಸುಪಾಸು. ವಿಸ್ತಾ ಶಿನೇಜಾ ಇಳಿಜಾರಿನಲ್ಲಿ ನಿಬಾಲಿ ಮತ್ತು ಹೆನಾವೊ ಇಬ್ಬರೂ ಬಿದ್ದರು, ನಿಬಾಲಿಯ ಕೊರಳೆಲುಬು ಮುರಿಯಿತು. ಚಿನ್ನ ವಾನ್ ಅವರ್ಮಾಟ್ ಪಾಲಾಯಿತು, ಮೈಕಾಗೆ ಕಂಚು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈಗ ನಿಮ್ಮ ತರ್ಕವನ್ನೇ ನಿಮಗೆ ತಿರುಗಿಸುತ್ತೇನೆ. ಬೇರೆಯವರು ಬಿದ್ದಾಗ ಗೆದ್ದದ್ದು ನಿಬಾಲಿಯ ಅದೃಷ್ಟ ಎನ್ನುವುದಾದರೆ, ತಾನೇ ಬಿದ್ದು ಸೋತದ್ದನ್ನು ದುರದೃಷ್ಟದ ಖಾತೆಗೆ ಬರೆಯಬೇಕಲ್ಲವೇ? 2018ರ ಟೂರ್ ಕೂಡ ಹಾಗೆಯೇ. ಆಲ್ಪ್ ದ್ಯೂಯೆಜ್ ಏರಿನಲ್ಲಿ ಪ್ರೇಕ್ಷಕನೊಬ್ಬನ ಕ್ಯಾಮೆರಾ ಪಟ್ಟಿ ಹ್ಯಾಂಡಲಿಗೆ ಸಿಕ್ಕಿ ನೆಲಕ್ಕೆ ಬಿದ್ದ. ಎದ್ದು, ಅಟ್ಟಿಸಿಕೊಂಡು ಹೋಗಿ, ಗೆದ್ದ ಥಾಮಸ್‌ಗಿಂತ ಬರೀ 13 ಸೆಕೆಂಡು ತಡವಾಗಿ ಮುಟ್ಟಿದ. ಆಮೇಲೆ ಆಸ್ಪತ್ರೆಯಲ್ಲಿ ಗೊತ್ತಾಯಿತು, ಬೆನ್ನೆಲುಬಿನ ಮೂಳೆಯೊಂದು ಬಿರುಕು ಬಿಟ್ಟಿತ್ತು. ಟೂರ್ ಅಲ್ಲಿಗೆ ಮುಗಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಲೊಂಬಾರ್ಡಿಯಾದಲ್ಲಿ ಪಿನೊ ಹಿಂದೆ ಎರಡನೆಯವನಾದ. ಖಾತೆಯ ಎರಡೂ ಬದಿ ಕೂಡಿಸಿ ನೋಡಿ.

ಕಡ್ಡಿಮುರಿದಂತೆ
ಕೂಡಿಸಿದೆ. 2015ರ ವುಯೆಲ್ಟಾ ಯಾವ ಬದಿಗೆ ಬರೆಯಲಿ?

ಹೊಸಬ
ಅದೇನದು?

ಪೆಡಲಮ್ಮ
ಎರಡನೇ ಹಂತದಲ್ಲಿ ಎಲ್ಲರೊಂದಿಗೆ ಬಿದ್ದ. ಎದ್ದು ಗುಂಪನ್ನು ಸೇರಿಕೊಳ್ಳುವ ಆತುರದಲ್ಲಿ ತನ್ನ ತಂಡದ ಕಾರನ್ನು ಹಿಡಿದುಕೊಂಡ, ಕಾರು ಭರ್ರನೆ ಮುಂದಕ್ಕೆ ಹೋಯಿತು. ಹೆಲಿಕಾಪ್ಟರಿನ ಕ್ಯಾಮೆರಾ ಮೇಲಿನಿಂದ ನೋಡುತ್ತಲೇ ಇತ್ತು. ಅವನನ್ನೂ ತಂಡದ ನಿರ್ದೇಶಕನನ್ನೂ ಓಟದಿಂದ ಹೊರಹಾಕಿದರು. ಬೀರುವಿನ ಮುಂದೆ ನಿಂತು ಬೀಗದ ಕೈ ನನ್ನಲ್ಲಿಲ್ಲ ಎನ್ನುವಷ್ಟೂ ಅವಕಾಶವಿರಲಿಲ್ಲ.

ತೀರ್ಥಹಳ್ಳಿ ತಿರುವು
ನಗು ತಡೆಯಲಾಗಲಿಲ್ಲ. ಆ ತುಣುಕು ಈಗಲೂ ಸಿಗುತ್ತದೆ, ನೋಡಿ.

ನೇತ್ರಾವತಿ ತಟ
ಅದೇ ವರ್ಷದ ಟೂರ್‌ನಲ್ಲಿ ಫ್ರೂಮ್‌ನ ಹಿಂದಿನ ಬ್ರೇಕಿಗೆ ಏನೋ ಸಿಕ್ಕಿಕೊಂಡು ನಿಂತಾಗ ಈತ ನುಗ್ಗಿದ್ದನ್ನೂ ಬರೆಯಿರಿ. ಲ ತೂಸ್ವೀರ್ ಹಂತ ಗೆದ್ದದ್ದು ಹಾಗೆ. ಫ್ರೂಮ್ ಕೆಂಡವಾಗಿದ್ದ.

ತೀರ್ಥಹಳ್ಳಿ ತಿರುವು
ಡುಮೌಲಿನ್ ಪ್ರಸಂಗವನ್ನೂ ಸೇರಿಸಿ, ಪಟ್ಟಿ ಪೂರ್ಣವಾಗಲಿ. 2017ರ ಜಿರೊ, ಬೊರ್ಮಿಯೊ ಹಂತ. ಗುಲಾಬಿ ಜರ್ಸಿಯವನಿಗೆ ಹೊಟ್ಟೆ ಕೆಟ್ಟು ರಸ್ತೆ ಬದಿ ಓಡಬೇಕಾಯಿತು. ಮುಂದಿನವರು ಕಾಯಲಿಲ್ಲ, ಹಂತ ಗೆದ್ದದ್ದು ನಿಬಾಲಿ.

ಪೆಡಲಮ್ಮ
ಹೊಟ್ಟೆ ಕೆಟ್ಟವನಿಗಾಗಿ ಕಾಯಬೇಕು ಎಂಬ ನಿಯಮ ಎಲ್ಲಿದೆ? ಡುಮೌಲಿನ್ ಎರಡು ನಿಮಿಷಕ್ಕೂ ಹೆಚ್ಚು ಕಳೆದುಕೊಂಡೂ ಜಿರೊ ಗೆದ್ದ, ನಿಬಾಲಿ ಮೂರನೆಯವನಾದ. ಅಂದ ಹಾಗೆ ಅದು ನೂರನೆಯ ಜಿರೊ. ಇಡೀ ಓಟದಲ್ಲಿ ಇಟಲಿಯವರು ಗೆದ್ದದ್ದು ಅದೊಂದೇ ಹಂತ. ನಿಬಾಲಿ ಇಲ್ಲದಿದ್ದರೆ ಆತಿಥೇಯರ ಕೈ ಪೂರ್ತಿ ಖಾಲಿ.

ಗುಮ್ಮಟನಗರಿ
ನೀವೆಲ್ಲ ಯಾರು ಬಿದ್ದರು, ಯಾರು ಕಾಯಲಿಲ್ಲ ಎನ್ನುತ್ತಿದ್ದೀರಿ. ಕಾದವನೊಬ್ಬನ ಬಗ್ಗೆ ಹೇಳುತ್ತೇನೆ. ಅದೇ 2016ರ ಆನ್ಯೆಲ್ಲೊ ದಿನ. ಮೂರು ದಿನ ಮೊದಲು ನಿಬಾಲಿ 4 ನಿಮಿಷ 43 ಸೆಕೆಂಡು ಹಿಂದೆ ಬಿದ್ದಿದ್ದ, ಏನಾಯಿತೆಂದು ತಂಡದವರು ವೈದ್ಯಕೀಯ ತಪಾಸಣೆ ಮಾಡಿಸಿದ್ದರು. ಪತ್ರಿಕೆಗಳು ಅವನ ಕತೆ ಮುಗಿಯಿತೆಂದು ಬರೆದಿದ್ದವು. ಆ ದಿನ ಮುಂದಿನ ಗುಂಪಿನಲ್ಲಿ ಅವನ ಜೊತೆಗಾರ ಮಿಕೆಲೆ ಸ್ಕಾರ್ಪೋನಿ ಇದ್ದ. ಆ ಜಿರೊದ ಅತಿ ಎತ್ತರದ ತುದಿಯನ್ನು ಮೊದಲು ಮುಟ್ಟಿದವನು ಅವನೇ. ಹಂತ ಗೆಲ್ಲುವ ಅವಕಾಶ ಕಣ್ಣೆದುರಿಗಿತ್ತು. ತಂಡದಿಂದ ಸೂಚನೆ ಬಂತು, ಅವನು ರಸ್ತೆಯಲ್ಲಿ ನಿಂತ. ನಿಜವಾಗಿಯೂ ಕಾಲು ನೆಲಕ್ಕೂರಿ ನಿಂತ. ನಿಬಾಲಿ ಬಂದ ಮೇಲೆ ಕಣಿವೆಯ ಉದ್ದಕ್ಕೂ ಅವನಿಗಾಗಿ ಎಳೆದ. ರಿಸೂಲ್‌ನಲ್ಲಿ ನಿಬಾಲಿ ಗೆದ್ದು ಅತ್ತ. ಮೆಸ್ಸಿನಾದಲ್ಲಿ ಅವನ ಹೆಸರಿನ ಕಿರಿಯರ ತಂಡದ ಹುಡುಗನೊಬ್ಬ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ, ಗೆಲುವನ್ನು ಅವನಿಗೆ ಅರ್ಪಿಸಿದ. ಮರುದಿನ ಸಾಂತ್ ಆನ್ನಾ ದಿ ವಿನಾದಿಯೊ ಏರಿನಲ್ಲಿ ಚಾವೆಸ್‌ನಿಂದ ಗುಲಾಬಿ ಜರ್ಸಿ ಕಿತ್ತುಕೊಂಡ, ಅಂತಿಮ ಅಂತರ 52 ಸೆಕೆಂಡು. ಮಗ ಸೋತ ಆ ಹೊತ್ತಿನಲ್ಲಿ ಚಾವೆಸ್‌ನ ತಂದೆ ತಾಯಿ ಬಂದು ನಿಬಾಲಿಯನ್ನು ಅಪ್ಪಿಕೊಂಡರು.

ಮರುವರ್ಷ ಏಪ್ರಿಲ್ 22ರಂದು ಸ್ಕಾರ್ಪೋನಿ ತನ್ನೂರು ಫಿಲೊತ್ರಾನೊದಲ್ಲಿ ಬೆಳಗಿನ ಅಭ್ಯಾಸಕ್ಕೆ ಹೋದವನು ವ್ಯಾನ್ ಬಡಿದು ತೀರಿಕೊಂಡ. ನಮ್ಮ ಹೆದ್ದಾರಿಯಲ್ಲಿ ಅಭ್ಯಾಸ ಮಾಡುವ ಹುಡುಗರಿಗೆ ಹೇಳುತ್ತಿರುತ್ತೇನೆ, ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ ಎಂದು.

ಅಂಕಿಸಂಖ್ಯೆ
ಒಂದು ವಿಚಿತ್ರ: 2013ರ ಜಿರೊವನ್ನು ನಿಬಾಲಿ ಗೆದ್ದ ಅಂತರವೂ ಸರಿಯಾಗಿ 4 ನಿಮಿಷ 43 ಸೆಕೆಂಡು, ಉರಾನ್ ಮೇಲೆ. ಹಿಮ ಸುರಿಯುತ್ತಿದ್ದ ತ್ರೆ ಚಿಮೆ ಬೆಟ್ಟದ ಹಂತವನ್ನು ಗುಲಾಬಿ ಜರ್ಸಿಯಲ್ಲೇ ಗೆದ್ದದ್ದು ಆ ವರ್ಷ. ಆಗ ಯಾವ ಕ್ರೂಯ್ಸ್‌ವೈಕ್ ಬಿದ್ದಿದ್ದ?

ಕಡ್ಡಿಮುರಿದಂತೆ
ವಿಗಿನ್ಸ್ ಕಾಯಿಲೆಯಿಂದ ಮನೆಗೆ ಹೋಗಿದ್ದ.

ಅಂಕಿಸಂಖ್ಯೆ
ನಿಮಗೆ ಸೈಕಲ್ಲಿನ ಬದಲು ವಕೀಲಿಕೆ ಒಗ್ಗುತ್ತಿತ್ತು.

ಟೊರಿನೊ ಕನ್ನಡಿಗ
ಕೆಲಸದ ಮೇಲೆ ಇಟಲಿಗೆ ಬಂದು ಇಲ್ಲೇ ಉಳಿದವನು ನಾನು. 2018ರ ಮಿಲಾನ್-ಸಾನ್ ರೆಮೊ ಓಟವನ್ನು ಗುರಿಯಿರುವ ವಿಯಾ ರೋಮಾ ಬೀದಿಯ ಬೇಲಿಗೆ ಒರಗಿ ನೋಡಿದೆ. ರಸ್ತೆ ಬದಿ ನಿಂತು ಸೈಕಲ್ ಓಟ ನೋಡುವುದೆಂದರೆ ಗಂಟೆಗಟ್ಟಲೆ ಕಾದು ತೇರು ಕ್ಷಣದಲ್ಲಿ ದಾಟಿಹೋದ ಹಾಗೆ. ಆದ್ದರಿಂದ ಪೊಜ್ಜೊ ಏರಿನಲ್ಲಿ ನಡೆದದ್ದೆಲ್ಲ ನಮಗೆ ದೊಡ್ಡ ಪರದೆಯ ಮೇಲೆ. ಆ ಏರು ನಾಲ್ಕು ಕಿಲೋಮೀಟರಿಗೂ ಕಡಿಮೆ, ಕಡಿದಾಗಿಯೂ ಇಲ್ಲ, ಅಕ್ಕಪಕ್ಕ ಹೂವಿನ ಗಾಜಿನಮನೆಗಳು. ಆದರೆ 290 ಕಿಲೋಮೀಟರ್ ಓಡಿ ಬಂದ ಕಾಲಿಗೆ ಅದು ಬೇರೆಯೇ ಬೆಟ್ಟ. ಲಾಟ್ವಿಯಾದ ನೀಲಾಂಡ್ಸ್ ಹೊರಟ, ನಿಬಾಲಿ ಬೆನ್ನು ಹಿಡಿದ, ಆಮೇಲೆ ಒಬ್ಬನೇ ಆದ. ತುದಿಯಿಂದ ಗುರಿಗೆ ಐದೂವರೆ ಕಿಲೋಮೀಟರ್.

ನನ್ನ ಪಕ್ಕದಲ್ಲಿದ್ದ ಮುದುಕರು ಪರದೆ ನೋಡುವುದನ್ನು ಬಿಟ್ಟು ಬಾಯಲ್ಲಿ ಏನೋ ಮಣಮಣಿಸುತ್ತಿದ್ದರು. ತಿರುವಿನಲ್ಲಿ ಅವನು ಕಾಣಿಸಿದ, ಹಿಂದೆಯೇ ಇಡೀ ಗುಂಪು ಕಾಣಿಸಿತು. ಅವನು ತಿರುಗಿ ನೋಡಿದ, ಕೈ ಎತ್ತಿದ, ಗುಂಪು ಮೈಮೇಲೆ ಬಿತ್ತು. ಎರಡನೆಯವನಾದ ಕೇಲೆಬ್ ಯುವನ್‌ಗೂ ಅದೇ ಸಮಯ ಬರೆದರು. ಇಟಲಿಯವರೊಬ್ಬರು ಆ ಓಟ ಗೆದ್ದದ್ದು 2006ರ ಪೊಝಾತೊ ಬಳಿಕ ಅದೇ ಮೊದಲು. ವೇಗದ ಸ್ಪ್ರಿಂಟರ್‌ಗಳ ಓಟವನ್ನು ಟೂರ್ ಗೆದ್ದವನು ಗೆಲ್ಲುವುದು ಎಷ್ಟು ಅಪರೂಪ ಎಂದು ಇಲ್ಲಿಯ ಪತ್ರಿಕೆಗಳು ವಾರಗಟ್ಟಲೆ ಬರೆದವು. ಕಡ್ಡಿಯವರೇ, ಅಂದು ಯಾರೂ ಬಿದ್ದು ದಾರಿ ಬಿಟ್ಟುಕೊಟ್ಟಿರಲಿಲ್ಲ. ಗುಂಪು ಪೂರ್ತಿ ಹಿಂದೆಯೇ ಇತ್ತು.

ಕಡ್ಡಿಮುರಿದಂತೆ
ಸಾನ್ ರೆಮೊ ಬಗ್ಗೆ ನನ್ನ ತಕರಾರಿಲ್ಲ. ಅದು ಅವನ ಅತ್ಯುತ್ತಮ ಗೆಲುವು, ಟೂರ್‌ಗಿಂತಲೂ. ಇದನ್ನೇ ನಾನು ಹೇಳಲು ಬಂದದ್ದು ಎಂದರೂ ಸರಿ.

ಪೆಡಲಮ್ಮ
ಇಷ್ಟು ಹೊತ್ತು ಹೇಳಿದ್ದು ಅದಲ್ಲವಲ್ಲ! ಇರಲಿ.

ಘಾಟಿಸವಾರ
ಟೊರಿನೊದವರೇ, ಈಗ ಅಲ್ಲಿ ಅವನ ಜಾಗಕ್ಕೆ ಯಾರು? 2022ರ ಜಿರೊದಲ್ಲಿ ಮೆಸ್ಸಿನಾದಲ್ಲೇ ನಿವೃತ್ತಿ ಹೇಳಿ, ಆಮೇಲೂ 37ರ ವಯಸ್ಸಿನಲ್ಲಿ ಒಟ್ಟಾರೆ ನಾಲ್ಕನೆಯವನಾಗಿ ಮುಗಿಸಿದ. ಅವನ ಬಳಿಕ ಇಟಲಿಯಿಂದ ಯಾರ ಹೆಸರೂ ಕೇಳಿಸುತ್ತಿಲ್ಲ.

ಟೊರಿನೊ ಕನ್ನಡಿಗ
ನಿಬಾಲಿಯ 2016ರ ಜಿರೊ ಆದಮೇಲೆ 2025ರ ಕೊನೆಯವರೆಗೆ ಇಟಲಿಯ ಗಂಡಸರು ಮೂರು ದೊಡ್ಡ ಪ್ರವಾಸಗಳಲ್ಲಿ ಒಂದನ್ನೂ ಗೆದ್ದಿಲ್ಲ. ಒಂದು ಕಾರಣ ದುಡ್ಡು. ಲಾಂಪ್ರೆ ತಂಡ 2016ರಲ್ಲಿ ಮುಗಿದ ಮೇಲೆ ಅತಿ ಮೇಲಿನ ದರ್ಜೆಯಲ್ಲಿ ಇಟಲಿಯ ತಂಡವೇ ಇಲ್ಲ. ಇಲ್ಲಿಯ ಹುಡುಗ ವೃತ್ತಿಪರನಾಗಬೇಕೆಂದರೆ ಪರದೇಶದ ತಂಡದಲ್ಲಿ ಇನ್ನೊಬ್ಬನಿಗೆ ನೀರು ಹೊರುತ್ತ ಶುರುಮಾಡಬೇಕು. ಇನ್ನೊಂದು, ಅಪ್ಪ ಅಮ್ಮಂದಿರಿಗೆ ರಸ್ತೆಯ ಭಯ.

ಪೆಡಲಮ್ಮ
ಗಂಡಸರು ಗೆದ್ದಿಲ್ಲ ಎಂದು ಸರಿಯಾಗಿ ಬರೆದಿರಿ, ಸಂತೋಷ. ಎಲಿಸಾ ಲೊಂಗೊ ಬೊರ್ಗಿನಿ 2024ರಲ್ಲೂ 2025ರಲ್ಲೂ ಮಹಿಳೆಯರ ಜಿರೊ ಗೆದ್ದಿದ್ದಾರೆ. 2024ರಲ್ಲಿ ಕೊಪೆಕಿ ಮೇಲೆ ಬರೀ 21 ಸೆಕೆಂಡು. 2022ರ ಪ್ಯಾರಿಸ್-ರೂಬೆ ಓಟ, ಎರಡು ಬಾರಿ ಫ್ಲಾಂಡರ್ಸ್ ಓಟವನ್ನೂ ಗೆದ್ದವರು. ಘಾಟಿಸವಾರರ ಕಿವಿಗೆ ಯಾರ ಹೆಸರೂ ಬಿದ್ದಿಲ್ಲವಂತೆ!

ತೀರ್ಥಹಳ್ಳಿ ತಿರುವು
ಘಾಟಿಸವಾರರು ಸದ್ಯಕ್ಕೆ ಘಾಟಿ ಇಳಿಯುವುದು ಒಳ್ಳೆಯದು.

ಗುಮ್ಮಟನಗರಿ
ಮೇಡಂ ಹೇಳಿದ್ದು ನ್ಯಾಯ. ನಮ್ಮ ಕಡೆಯೂ ಹುಡುಗಿಯರು ಪದಕ ತಂದಾಗ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು.

ಅಂಕಿಸಂಖ್ಯೆ
ಇಟಲಿಯವನೇ ಆದ ಗನ್ನಾನನ್ನು ಬಿಟ್ಟಿರಲ್ಲ. ನಿಬಾಲಿಯ ಕೊನೆಯ ಓಟ 2022ರ ಅಕ್ಟೋಬರ್ 8ರ ಲೊಂಬಾರ್ಡಿಯಾ. ವಾಲ್ವರ್ಡೆಯೂ ಅಲ್ಲೇ ವಿದಾಯ ಹೇಳಿದ, ಗೆದ್ದದ್ದು ಪೊಗಾಚರ್. ಅದೇ ಸಂಜೆ ಸ್ವಿಟ್ಜರ್ಲೆಂಡಿನ ಗ್ರೆಂಚೆನ್‌ನಲ್ಲಿ ಗನ್ನಾ ಒಂದು ಗಂಟೆಯಲ್ಲಿ 56.792 ಕಿಲೋಮೀಟರ್ ಓಡಿ ವಿಶ್ವದಾಖಲೆ ಮಾಡಿದ.

ನೇತ್ರಾವತಿ ತಟ
ಆರಡಿ ನಾಲ್ಕಂಗುಲದ ಆ ದೇಹವನ್ನು ಆಲ್ಪ್ಸ್ ಮೇಲೆ ಹೊತ್ತುಕೊಂಡು ಹೋಗುವುದು ಯಾರು? ಅವನು ಸಮತಟ್ಟಿನ ರಾಜ, ಮೂರು ವಾರದ ಓಟಕ್ಕೆ ಅವನಲ್ಲ.

ಹೊಸಬ
ಎಲ್ಲರಿಗೂ ಧನ್ಯವಾದ. ಒಂದೇ ಒಂದು ಹಂತ ನೋಡುವುದಾದರೆ ಯಾವುದನ್ನು ನೋಡಲಿ?

ಗುಮ್ಮಟನಗರಿ
2016ರ ರಿಸೂಲ್. ಆನ್ಯೆಲ್ಲೊ ಏರಿನಿಂದ ಶುರುಮಾಡಿ.

ಪೆಡಲಮ್ಮ
2014ರ ಕಲ್ಲುಹಾಸಿನ ಹಂತ. ಊಟ ಮೊದಲೇ ಮುಗಿಸಿಕೊಳ್ಳಿ.

ಕಡ್ಡಿಮುರಿದಂತೆ
ರಿಸೂಲ್ ನೋಡಿ. ನೋಡುವಾಗ ಕ್ರೂಯ್ಸ್‌ವೈಕ್ ಆ ತಿರುವನ್ನು ದಾಟಿದ್ದರೆ ಏನಾಗುತ್ತಿತ್ತು ಎಂದೂ ಯೋಚಿಸಿ.

ತೀರ್ಥಹಳ್ಳಿ ತಿರುವು
ಅದಕ್ಕೆ ಬೇರೆ ಚರ್ಚೆ ಶುರುಮಾಡಿ ಸ್ವಾಮಿ, ನಾನು ಖಂಡಿತ ಬರುತ್ತೇನೆ.